ಹತ್ತಕ್ಕೆ ಏಳು ಕೊಟ್ಟವರನ್ನು ಇನ್ನೊಂದು ಪ್ರಶ್ನೆ ಕೇಳಿ

ಕೇಳುಗರೇ, ನಮಸ್ಕಾರ.

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಅಂತ ಕೇಳಿ ನೋಡಿ. ಈಗೀಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದೇ ಒಂದು ಅಂಕಿ. ಐದಕ್ಕೆ ಮೂರೂವರೆ. ಹತ್ತಕ್ಕೆ 7. ಅದರಲ್ಲೂ ಈ 7 ಇದೆಯಲ್ಲ, ತುಂಬಾ ಮರ್ಯಾದಸ್ಥ ಅಂಕಿ. ಯಾರನ್ನೂ ನೋಯಿಸುವುದಿಲ್ಲ, ಕೊಟ್ಟವರನ್ನೂ ಸಿಕ್ಕಿಹಾಕಿಸುವುದಿಲ್ಲ. 9 ಕೊಟ್ಟರೆ ‘ಅಂಥದ್ದೇನಿದೆ ಅದರಲ್ಲಿ?’ ಅಂತ ಕೇಳುತ್ತಾರೆ. 4 ಕೊಟ್ಟರೆ ‘ನಿನಗೆ ಯಾವುದು ತಾನೇ ಹಿಡಿಸುತ್ತದೆ ಬಿಡು’ ಅನ್ನುತ್ತಾರೆ. 7 ಅಂದರೆ ಮಾತು ಅಲ್ಲಿಗೇ ಮುಗಿಯಿತು. ನನ್ನ ತಕರಾರು ಇರುವುದೂ ಅದಕ್ಕೇ. ಶುರುವಾಗಬೇಕಾದ ಜಾಗದಲ್ಲಿ ಮಾತು ಮುಗಿದುಹೋಗುತ್ತದೆ.

ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಚಿತ್ರ ನೋಡಿದ ಇಬ್ಬರನ್ನು ನೆನೆಸಿಕೊಳ್ಳಿ. ಇಬ್ಬರೂ 7 ಕೊಟ್ಟಿದ್ದಾರೆ. ಒಬ್ಬರಿಗೆ ತಾಯಿಯ ಪಾತ್ರ ಮಾಡಿದಾಕೆಯ ಅಭಿನಯ ಎದೆಗೆ ನಾಟಿತ್ತು, ಆದರೆ ಕಥೆ ಕೊನೆಯಲ್ಲಿ ಕೈಕೊಟ್ಟಿತು. ಇನ್ನೊಬ್ಬರ ಲೆಕ್ಕವೇ ಬೇರೆ. ಕಥೆ ಹಳೆಯದು, ಅಭಿನಯ ಅಷ್ಟಕ್ಕಷ್ಟೆ, ಆದರೂ ಎರಡು ಗಂಟೆ ಕೆಲಸದ ತಲೆನೋವು ಮರೆತುಹೋಯಿತು. ನೀವು ಅಭಿನಯಕ್ಕಾಗಿ ಸಿನಿಮಾ ನೋಡುವವರಾದರೆ ಮೊದಲನೆಯವರ 7 ನಿಮ್ಮನ್ನು ‘ಹೋಗಿ’ ಅನ್ನುತ್ತದೆ, ಎರಡನೆಯವರದು ‘ಬೇಡ’ ಅನ್ನುತ್ತದೆ. ಅಂಕಿ ಮಾತ್ರ ಒಂದೇ.

ಸಿನಿಮಾಕ್ಕೆ ನಕ್ಷತ್ರ ಹಚ್ಚುವ ಚಾಳಿ ಇವತ್ತಿನದಲ್ಲ. 1928ರಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ವಿಮರ್ಶಕಿ ಚಿತ್ರಗಳಿಗೆ ನಕ್ಷತ್ರ ಕೊಡಲು ಶುರುಮಾಡಿದರು. ಆಗ ಅತಿ ಹೆಚ್ಚು ಅಂದರೆ ಮೂರೇ. ಅಂಕ ಕೊಡುವ ಹಕ್ಕು ಮಾತ್ರ ಬಹಳ ಕಾಲ ವಿಮರ್ಶಕರ ಕೈಯಲ್ಲೇ ಇತ್ತು. ಅಮೆರಿಕದ ಎಡ್ ಮಿಂಟ್ಜ್ ಒಮ್ಮೆ ಇಷ್ಟಪಟ್ಟು ನೋಡಲು ಹೋದ ಚಿತ್ರ ಅವರಿಗೆ ನಿರಾಸೆ ಮಾಡಿತು. ವಿಮರ್ಶಕರು ಹೇಳುವುದು ಇರಲಿ, ನಮ್ಮಂಥವರು ಏನು ಹೇಳುತ್ತಾರೆ ಅಂತ ಗೊತ್ತಾಗಿದ್ದರೆ ಚೆನ್ನಾಗಿತ್ತು ಎಂಬ ಮಾತು ಅಲ್ಲೇ ಅವರ ಕಿವಿಗೆ ಬಿತ್ತು. 1979ರಲ್ಲಿ ಅವರು ಸಿನಿಮಾಸ್ಕೋರ್ ಎಂಬ ಸಂಸ್ಥೆ ಕಟ್ಟಿದರು. ಚಿತ್ರ ಬಿಡುಗಡೆಯಾದ ಮೊದಲ ರಾತ್ರಿ ನೋಡುಗರ ಕೈಗೆ ಒಂದು ಚೀಟಿ ಕೊಡುತ್ತಾರೆ. ಶಾಲೆಯ ಗ್ರೇಡಿನ ಹಾಗೆ ‘ಎ ಪ್ಲಸ್’ನಿಂದ ‘ಎಫ್’ವರೆಗೆ ಒಂದನ್ನು ಗುರುತು ಮಾಡಿ ಕೊಟ್ಟರಾಯಿತು.

ಮೊದಲ ರಾತ್ರಿಯೇ ಓಡಿ ಬರುವವರು ಯಾರು ಹೇಳಿ? ಆ ನಟನ ಅಭಿಮಾನಿಗಳು, ಟ್ರೇಲರ್ ನೋಡಿ ದಿನ ಎಣಿಸಿದವರು. ಅವರಿಂದ ‘ಬಿ’ ಬಂದರೂ ನಿರ್ಮಾಪಕರ ಎದೆ ಢವಢವ ಅನ್ನುತ್ತದೆ. ಇನ್ನು ದೆವ್ವದ ಚಿತ್ರಗಳಿಗೆ ಅಲ್ಲಿ ಕಡಿಮೆ ಗ್ರೇಡ್ ಬರುವುದೇ ಜಾಸ್ತಿ. ಹೆದರಿಸಿ, ಕಂಗಾಲು ಮಾಡಿ ಹೊರಗೆ ಕಳಿಸಿದ ಚಿತ್ರಕ್ಕೆ ಆ ಗಳಿಗೆಯಲ್ಲಿ ‘ಎ’ ಹಾಕಲು ಕೈ ಬರುವುದಿಲ್ಲ, ಅಲ್ವಾ? ಅಂದರೆ ಆ ಗ್ರೇಡ್ ಚಿತ್ರ ಎಷ್ಟು ಒಳ್ಳೆಯದು ಅಂತ ಹೇಳುವುದಕ್ಕಿಂತ, ಏನನ್ನು ಬಯಸಿ ಬಂದಿದ್ದರೋ ಅದು ಸಿಕ್ಕಿತೋ ಇಲ್ಲವೋ ಅಂತ ಹೇಳುತ್ತದೆ. ಉಪಯೋಗದ ಮಾಹಿತಿಯೇ. ಆದರೆ ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳಬೇಕು.

ಮುಂದೆ 1990ರಲ್ಲಿ ಇಂಗ್ಲೆಂಡಿನ ಕಾಲ್ ನೀಡಮ್ ಮತ್ತು ಅವರಂಥ ಇನ್ನೊಂದಿಷ್ಟು ಸಿನಿಮಾ ಹುಚ್ಚರ ಪಟ್ಟಿಗಳಿಂದ ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ಜಾಲತಾಣ ಹುಟ್ಟಿತು. 1998ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಇವತ್ತು ‘ರೇಟಿಂಗ್ ಎಷ್ಟು?’ ಅಂದರೆ ಬಹಳ ಜನ ನೋಡುವುದು ಅದನ್ನೇ. ಅಲ್ಲಿ ಕಾಣುವ ಅಂಕ ಎಲ್ಲರ ಅಂಕ ಕೂಡಿಸಿ ಭಾಗಿಸಿದ ಬರೀ ಸರಾಸರಿಯಲ್ಲ. ಅವರ ‘ಟಾಪ್ 250’ ಪಟ್ಟಿಯ ಲೆಕ್ಕವಂತೂ ಕೇಳಲು ಚೆನ್ನಾಗಿದೆ. ಆ ಪಟ್ಟಿಗೆ ಬರಲು ಒಂದು ಚಿತ್ರಕ್ಕೆ ಕನಿಷ್ಠ 25,000 ಮತ ಬೇಕು. ಎಲ್ಲ ಚಿತ್ರಗಳ ಒಟ್ಟು ಸರಾಸರಿ 7 ಅಂತಿಟ್ಟುಕೊಳ್ಳಿ. ಒಂದು ಚಿತ್ರಕ್ಕೆ ಸರಿಯಾಗಿ 25,000 ಮತ ಬಂದಿದೆ, ಅದರ ಸರಾಸರಿ 9. ಪಟ್ಟಿಯ ಲೆಕ್ಕದಲ್ಲಿ ಅದಕ್ಕೆ ಸಿಗುವುದು ಆ 9 ಮತ್ತು 7ರ ಸರಿ ನಡುವಿನ 8. ಮತ ಹೆಚ್ಚಾದ ಹಾಗೆಲ್ಲ ಅದು 9ರ ಹತ್ತಿರ ಏರುತ್ತಾ ಹೋಗುತ್ತದೆ. ‘ನಿಮ್ಮನ್ನು ಪೂರ್ತಿ ನಂಬಲು ಇನ್ನಷ್ಟು ಜನ ಹೇಳಲಿ’ ಅನ್ನುವ ಲೆಕ್ಕ ಇದು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಮನೆಮಂದಿ, ನೆಂಟರು ಸೇರಿ ಹತ್ತು ಮಂದಿ ಹತ್ತಕ್ಕೆ ಹತ್ತು ಕೊಟ್ಟ ಚಿತ್ರವೊಂದು ಜಗತ್ತಿನ ಶ್ರೇಷ್ಠ ಚಿತ್ರವಾಗಬಾರದಲ್ಲ!

ಜನರನ್ನು ಜಾಸ್ತಿ ದಾರಿ ತಪ್ಪಿಸುವುದು ಶೇಕಡಾವಾರು. ವಿಮರ್ಶೆಗಳನ್ನು ಒಟ್ಟುಮಾಡಿ ತೋರಿಸುವ ಜಾಲತಾಣ ರಾಟನ್ ಟೊಮೇಟೋಸ್‌ನಲ್ಲಿ 95 ಪರ್ಸೆಂಟ್ ಅಂತ ಕಂಡರೆ ನಾವು ನೂರಕ್ಕೆ 95 ಅಂಕ ಅಂದುಕೊಳ್ಳುತ್ತೇವೆ. ಅದು ಅಂಕವಲ್ಲ, ತಲೆ ಎಣಿಕೆ. ನೂರರಲ್ಲಿ 95 ವಿಮರ್ಶಕರು ‘ಆಗಬಹುದು’ ಅಂದಿದ್ದಾರೆ, ಅಷ್ಟೇ. ಎಷ್ಟರಮಟ್ಟಿಗೆ ಮೆಚ್ಚಿದರು ಎಂಬುದು ಆ ಸಂಖ್ಯೆಯೊಳಗಿಲ್ಲ. ನೋಡುಗರ ಲೆಕ್ಕವೂ ಹೀಗೆಯೇ. ಐದಕ್ಕೆ ಮೂರೂವರೆ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರು ಮೆಚ್ಚಿದವರು, ಉಳಿದವರು ಮೆಚ್ಚದವರು. ಈಗ ಲೆಕ್ಕ ಹಾಕಿ. ನೋಡಿದವರೆಲ್ಲ ಮೂರೂವರೆ ಕೊಟ್ಟರೆ ಚಿತ್ರಕ್ಕೆ ನೂರಕ್ಕೆ ನೂರು. ಅವರೆಲ್ಲರೂ ಅರ್ಧ ನಕ್ಷತ್ರ ಕಮ್ಮಿ ಮಾಡಿ ಮೂರು ಕೊಟ್ಟಿದ್ದರೆ? ಸೊನ್ನೆ! ಚಿತ್ರ ಅದೇ, ಜನ ಅವರೇ, ‘ಪರವಾಗಿಲ್ಲ’ ಅನ್ನುವ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಅದಕ್ಕೇ ನಾನು 95 ಪರ್ಸೆಂಟಿನ ಚಿತ್ರಕ್ಕೆ ಸುಮ್ನೆ ಹಾರಿ ಹೋಗುವುದಿಲ್ಲ. ಅದು ಯಾರಿಗೂ ಬೇಸರ ಮಾಡದ ಚಿತ್ರವಷ್ಟೇ ಆಗಿರಬಹುದು. 65ರ ಹತ್ತಿರ ನಿಂತು, ಮೆಚ್ಚಿದವರು ಕುಣಿದಾಡಿ, ಮೆಚ್ಚದವರು ಕೆಂಡ ಕಾರುತ್ತಿದ್ದರೆ ಮಾತ್ರ ನನಗೆ ಕುತೂಹಲ. ಅಲ್ಲಿ ಏನೋ ಇದೆ ಅಂತ ಅರ್ಥ.

ಚಿತ್ರವನ್ನು ನೋಡದೆಯೇ ಒಂದು ಅಂಕ ಕೊಟ್ಟು ಕೆಡಿಸುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಅಭಿಪ್ರಾಯವಲ್ಲ, ಜಗಳ. ರಾಟನ್ ಟೊಮೇಟೋಸ್ 2019ರಲ್ಲಿ ಬಿಡುಗಡೆಗೆ ಮುಂಚಿನ ಕಾಮೆಂಟುಗಳನ್ನು ನಿಲ್ಲಿಸಿ, ಟಿಕೆಟ್ ಕೊಂಡವರ ಅಂಕಗಳನ್ನು ಬೇರೆಯಾಗಿ ತೋರಿಸಲು ಹೊರಟಿದ್ದು ಇಂಥವರ ಕಾಟದ ನಡುವೆಯೇ.

ಇನ್ನು ಪ್ರಾಮಾಣಿಕವಾಗಿ ಅಂಕ ಕೊಡುವ ನಮ್ಮ ನಿಮ್ಮ ವಿಷಯ. ನಾವು ಕೊಡುವ ಅಂಕ ನಿಜವಾಗಿಯೂ ಯಾವುದಕ್ಕೆ? ಪೂರ್ತಿ ಚಿತ್ರಕ್ಕೆ ಅಂತ ನಾವು ಅಂದುಕೊಂಡಿರುತ್ತೇವೆ. 1993ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು ಜನರಿಗೆ ಚಿಕ್ಕ ಚಿಕ್ಕ ಚಿತ್ರದ ತುಣುಕು ತೋರಿಸಿದರು. ಕೆಲವು ಮುದ ಕೊಡುವಂಥವು, ಕೆಲವು ನೋಡಲು ಕಷ್ಟವಾಗುವಂಥವು. ಒಂದೇ ತುಣುಕಿನ ಉದ್ದದ ರೂಪ, ಗಿಡ್ಡ ರೂಪ ಎರಡೂ ಇದ್ದವು. ಆಮೇಲೆ ‘ಒಟ್ಟಾರೆ ಹೇಗಿತ್ತು?’ ಅಂತ ಕೇಳಿದಾಗ ಎಷ್ಟು ಹೊತ್ತು ನೋಡಿದರು ಎಂಬುದು ಅವರ ಉತ್ತರವನ್ನು ಹೆಚ್ಚೇನೂ ಬದಲಿಸಲಿಲ್ಲ. ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ಮುಖ್ಯವಾಗಿ ಲೆಕ್ಕಕ್ಕೆ ಬಂದವು. ‘ಕ್ಲೈಮ್ಯಾಕ್ಸ್ ಹಾಳು ಮಾಡಿಬಿಟ್ಟರು’ ಅಂತ ಬಯ್ಯುತ್ತಾ ಹೊರಬಂದವರ ಅಂಕದಲ್ಲಿ ಮೊದಲ ಒಂದೂವರೆ ಗಂಟೆಯ ಸೊಗಸು ಕಾಣಿಸದೇ ಹೋಗುವುದು ಹೀಗೆ.

ಇನ್ನೊಂದು ನೋಡಿ. ಮಿನ್ನೆಸೋಟ ವಿಶ್ವವಿದ್ಯಾಲಯದವರು ಮೂವಿಲೆನ್ಸ್ ಎಂಬ ಚಿತ್ರ ಶಿಫಾರಸಿನ ತಾಣ ನಡೆಸುತ್ತಾರೆ. 2003ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ, ಜನ ಹಿಂದೆ ಅಂಕ ಕೊಟ್ಟಿದ್ದ ಚಿತ್ರಗಳಿಗೇ ಮತ್ತೆ ಅಂಕ ಕೊಡಿಸಿದರು. ಕೆಲವು ಚಿತ್ರಗಳ ಪಕ್ಕದಲ್ಲಿ ‘ನೀವು ಇಷ್ಟು ಕೊಡಬಹುದು’ ಎಂಬ ಊಹೆಯ ಅಂಕಿ ಇತ್ತು. ಬೇಕಂತಲೇ ಅದನ್ನು ಏರಿಸಿ, ಇಳಿಸಿ ತೋರಿಸಿದ್ದರು. ಜನ ಕೊಟ್ಟ ಅಂಕ ಆ ಕಡೆಗೇ ವಾಲಿತು. ತಾವೇ ಕಣ್ಣಾರೆ ನೋಡಿದ ಚಿತ್ರ, ತಾವೇ ಮೊದಲು ಕೊಟ್ಟ ಅಂಕ! ಹಾಗಾಗಿ ನನ್ನದೊಂದು ಸಣ್ಣ ಹಟ ಇದೆ. ಚಿತ್ರದ ಬಗ್ಗೆ ನನಗೆ ಅನ್ನಿಸಿದ್ದನ್ನು ಎರಡು ಸಾಲು ಬರೆದಿಟ್ಟ ಮೇಲೆಯೇ ಬೇರೆಯವರದನ್ನು ಓದುತ್ತೇನೆ. ಮೊದಲೇ ಓದಿದರೆ ನನ್ನ ಮಾತು ಯಾವುದು, ಅವರ ಮಾತು ಯಾವುದು ಅಂತ ಆಮೇಲೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಅಂಕದ ಜೊತೆ ನಮ್ಮ ಜಂಬವೂ ಸೇರಿಕೊಳ್ಳುತ್ತದೆ. ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ ಕೊಟ್ಟವರೇ ರಾತ್ರಿ ಊಟವಾದ ಮೇಲೆ ಹಾಕಿಕೊಳ್ಳುವುದು ಯಾವುದೋ ತರ್ಲೆ ಹಾಸ್ಯಚಿತ್ರ. ನೆಟ್‌ಫ್ಲಿಕ್ಸ್‌ನವರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. 2017ರಲ್ಲಿ ಅವರು ಐದು ನಕ್ಷತ್ರದ ಪದ್ಧತಿಯನ್ನೇ ಕೈಬಿಟ್ಟು, ಹೆಬ್ಬೆಟ್ಟು ಮೇಲೆ, ಹೆಬ್ಬೆಟ್ಟು ಕೆಳಗೆ ಅಂತ ಮಾಡಿದರು. ಪರೀಕ್ಷೆ ಮಾಡಿ ನೋಡಿದಾಗ ಅಭಿಪ್ರಾಯ ಒತ್ತುವ ಪ್ರಮಾಣ ಶೇಕಡಾ 200ರಷ್ಟು ಏರಿತ್ತಂತೆ. ಸುಲಭವಾಯಿತು, ನಿಜ. ಆದರೆ ಅದು ಯಂತ್ರಕ್ಕೆ ಕೊಡುವ ಸುಳಿವು. ಪಕ್ಕದಲ್ಲಿ ಕೂತ ಗೆಳೆಯರಿಗೆ ಬರೀ ಹೆಬ್ಬೆಟ್ಟು ತೋರಿಸಿದರೆ ಅವರಿಗೇನು ತಿಳಿಯುತ್ತದೆ?

ನಮ್ಮ ಚಿಕ್ಕಮ್ಮ ಸಿನಿಮಾ ಹೇಳುವ ರೀತಿ ನನಗೆ ತುಂಬಾ ಇಷ್ಟ. ಅಂಕ ಗಿಂಕ ಅವರಿಗೆ ಬೇಡ. ಇತ್ತೀಚೆಗೆ ಒಂದು ಚಿತ್ರದ ಬಗ್ಗೆ ಹೇಳಿದ್ದಿಷ್ಟು: ‘ಆ ಹುಡುಗ ಸಿಟ್ಟು ಮಾಡಿಕೊಂಡು ಹೋಗುತ್ತಾನಲ್ಲ, ಬಾಗಿಲು ಹಾಕದೇ ಹೋಗಿಬಿಡುತ್ತಾನೆ ಕಣೋ. ಆಮೇಲೆ ಅವರಪ್ಪ ಏನೋ ಉದ್ದಕ್ಕೆ ಮಾತಾಡಿದ. ನನಗೆ ಒಂದೂ ಕೇಳಿಸಲಿಲ್ಲ. ಬಾಗಿಲನ್ನೇ ನೋಡುತ್ತಿದ್ದೆ, ಯಾರಾದರೂ ಎದ್ದು ಹಾಕುತ್ತಾರೇನೋ ಅಂತ.’ ಅಷ್ಟೇ. ಚಿತ್ರ ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಆದರೆ ಇದು ಎಂಥ ಚಿತ್ರ, ನನಗೆ ಹಿಡಿಸುತ್ತದೋ ಇಲ್ಲವೋ ಎಂಬುದು ನನಗೆ ಅಲ್ಲಿಗೇ ಗೊತ್ತಾಯಿತು. ಮಾತಿಗಿಂತ ಬಾಗಿಲು ಹೆಚ್ಚು ಹೇಳುವ ಚಿತ್ರ. ಕಥೆಯ ಗುಟ್ಟೂ ಬಯಲಾಗಲಿಲ್ಲ.

ಎಲ್ಲರಿಗೂ ಚಿಕ್ಕಮ್ಮನ ಕಣ್ಣು ಇರುವುದಿಲ್ಲ. ಅಂಥವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ‘ಫೋನ್ ಯಾವಾಗ ಕೈಗೆ ತೆಗೆದುಕೊಂಡಿರಿ?’ ಇದಕ್ಕೆ ಯಾರೂ ಜಂಬದ ಉತ್ತರ ಕೊಡಲಾರರು. ‘ಹಾಡು ಬಂದಾಗ’ ಅನ್ನುತ್ತಾರೆ. ‘ನಾಯಕನ ಬಾಲ್ಯದ ಕಥೆ ಶುರುವಾದಾಗ’ ಅನ್ನುತ್ತಾರೆ. ಕೆಲವೊಮ್ಮೆ ಸ್ವಲ್ಪ ಯೋಚಿಸಿ, ‘ಅರೆ, ತೆಗೆಯಲೇ ಇಲ್ಲ’ ಅಂತ ತಾವೇ ಆಶ್ಚರ್ಯಪಡುತ್ತಾರೆ. ಹಾಗೆ ಅಂದ ಚಿತ್ರಕ್ಕೆ ಅವರು ಆರೇ ಅಂಕ ಕೊಟ್ಟಿದ್ದರೂ ನಾನು ನೋಡುತ್ತೇನೆ.

ಯಾರ ರುಚಿ ಎಂಥದ್ದು ಅಂತ ನಮಗೆ ಗೊತ್ತಿದೆಯೋ ಅವರ ಅಭಿಪ್ರಾಯಕ್ಕೆ ಬೆಲೆ ಹೆಚ್ಚು. ಅವರ ರುಚಿ ನಮ್ಮದೇ ಆಗಿರಬೇಕು ಅಂತೇನೂ ಇಲ್ಲ. ನನ್ನ ಗೆಳೆಯನೊಬ್ಬ ‘ಚಿತ್ರ ಎಳೀತಾರೆ ಮಾರಾಯಾ, ಕೂರಕ್ಕಾಗಲ್ಲ’ ಅಂದರೆ ನಾನು ಆ ವಾರವೇ ಅದನ್ನು ನೋಡಿಬಿಡುತ್ತೇನೆ. ಅವನು ‘ಒಂದು ನಿಮಿಷ ಬಿಡುವಿಲ್ಲ, ಬೆಂಕಿ’ ಅಂದರೆ ನನಗೆ ಆ ಚಿತ್ರ ಬೇಡ. ಇಷ್ಟು ವರ್ಷಗಳಲ್ಲಿ ಅವನಷ್ಟು ನಂಬಿಕಸ್ತ ವಿಮರ್ಶಕ ನನಗೆ ಸಿಕ್ಕಿಲ್ಲ. ಅವನಿಗೂ ಇದು ಗೊತ್ತು. ನಾನು ಹೊಗಳಿದ ಚಿತ್ರಗಳ ಹತ್ತಿರ ಅವನೂ ಸುಳಿಯುವುದಿಲ್ಲ.

ಅರ್ಧಕ್ಕೆ ಬಿಟ್ಟ ಚಿತ್ರದ ಬಗ್ಗೆಯೂ ಮಾತಾಡಬಹುದು, ಬಿಟ್ಟಿದ್ದು ಎಲ್ಲಿ ಎಂದು ಹೇಳಿದರೆ ಸಾಕು. ಅಂಕ ಮಾತ್ರ ಬೇಡ. ಇನ್ನು ಕಥೆಯ ಕೊನೆ ಹೇಳುವ ವಿಷಯ. 2011ರಲ್ಲಿ ಸ್ಯಾನ್ ಡಿಯಾಗೋದ ಸಂಶೋಧಕರು ಸಣ್ಣ ಕತೆಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಅಂತ್ಯ ಮೊದಲೇ ತಿಳಿದವರು ಕತೆಯನ್ನು ಸ್ವಲ್ಪ ಹೆಚ್ಚೇ ಮೆಚ್ಚಿದ್ದರು. ಹಾಗಂತ ಇದನ್ನು ಹಿಡಿದುಕೊಂಡು ಕೊಲೆಗಾರ ಯಾರು ಅಂತ ಎಲ್ಲರಿಗೂ ಹೇಳಿಕೊಂಡು ಬರಬೇಡಿ, ಗೆಳೆತನ ಉಳಿಯುವುದಿಲ್ಲ!

ಇನ್ನೊಂದು ಥರದ ಚಿತ್ರಗಳಿವೆ. ಹತ್ತಕ್ಕೆ 9 ಕೊಡುತ್ತೇವೆ, ಮತ್ತೆ ಜನ್ಮದಲ್ಲಿ ನೋಡುವುದಿಲ್ಲ. 5 ಕೊಟ್ಟ ಚಿತ್ರವನ್ನು ಟೀವಿಯಲ್ಲಿ ಬಂದಾಗಲೆಲ್ಲ ಕೂತು ನೋಡುತ್ತೇವೆ. ಒಂದೇ ಅಂಕಿಯಲ್ಲಿ ಇವೆರಡನ್ನೂ ಹೇಳಲು ಆಗುವುದಿಲ್ಲ. 2011ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದ, ನೋಡಿದ ಚಿತ್ರಗಳ ಬಗ್ಗೆ ಬರೆದಿಡುವ ಜಾಲತಾಣ ಲೆಟರ್‌ಬಾಕ್ಸ್‌ಡ್‌ನವರು ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿ ನಕ್ಷತ್ರ ಬೇರೆ, ಇಷ್ಟಕ್ಕೆ ಹಾಕುವ ಹೃದಯದ ಗುರುತು ಬೇರೆ. ಐದು ನಕ್ಷತ್ರ ಕೊಟ್ಟು ಹೃದಯ ಹಾಕದವರೂ ಇದ್ದಾರೆ, ಎರಡೇ ನಕ್ಷತ್ರ ಕೊಟ್ಟು ಹೃದಯ ಹಾಕಿದವರೂ ಇದ್ದಾರೆ. ಯಾವುದಾದರೂ ಚಿತ್ರದ ಬಗ್ಗೆ ತಿಳಿಯಬೇಕಾದರೆ ನಾನು ಮೊದಲು ಹುಡುಕಿ ಓದುವುದು ಈ ಎರಡನೇ ಥರದವರ ಮಾತನ್ನು. ಚಿತ್ರದ ಹುಳುಕೆಲ್ಲ ಅವರಿಗೆ ಗೊತ್ತಿರುತ್ತದೆ, ಆದರೂ ಯಾಕೆ ಬಿಡಲಾಗಲಿಲ್ಲ ಅಂತ ವಿವರಿಸಲು ಅವರು ಒದ್ದಾಡಿರುತ್ತಾರೆ.

ನಮಸ್ಕಾರ.