ಮಳೆಗಾಲದಲ್ಲಿ ಆಡಿದ ಆಟಗಳು: ಕರೆಂಟ್ ಹೋದ್ರೆ ಯಾವುದ್ರಲ್ಲಿ ಎಷ್ಟು ನಷ್ಟ?

ನೋಡಿ, ಕಿಟಕಿಯಾಚೆ ಬೆಳ್ಳಗೆ ಕಾಣ್ತಿರೋದು ಮಂಜಲ್ಲ, ಮಳೆ. ಬೆಳಿಗ್ಗೆ ಹತ್ತೂವರೆ. ಆದ್ರೂ ಟ್ಯೂಬ್‌ಲೈಟ್ ಹಾಕ್ಕೊಂಡೇ ಕೂತಿರೋದು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗ್ತಾ ಹೋಗ್ತಾ ಜುಲೈ ತಿಂಗಳಲ್ಲಿ ಎಲ್ಲ ಮನೆಯೂ ಹೀಗೇ ಇರುತ್ತೆ. ಇವತ್ತು ಇತ್ತೀಚೆಗೆ ಆಡಿದ ಕಂಪ್ಯೂಟರ್ ಆಟಗಳ ಮಾತು. ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಮಲೆನಾಡಿನಲ್ಲಿ ಕೂತು ಆಡೋರು ಕೇಳಬೇಕಾದ ಮೊದಲನೇ ಪ್ರಶ್ನೆ ಬೇರೆ: ಈ ಆಟ ಸೇವ್ ಆಗೋದು ಯಾವಾಗ?

ಶುರು ಮಾಡೋಣ. ಇದು ಸ್ಟಾರ್ಡ್ಯೂ ವ್ಯಾಲಿ. ತೋಟ ಮಾಡೋ ಆಟ, 2016ರದ್ದು, ಎರಿಕ್ ಬರೋನ್ ಅನ್ನೋ ಒಬ್ಬರೇ ಮಾಡಿದ್ದು. 2024ರ ಮಾರ್ಚಿನಲ್ಲಿ 1.6 ಅಪ್‌ಡೇಟ್ ಬಂತು, ಹಾಗಾಗಿ ಮತ್ತೆ ಮೊದಲಿಂದ ತೋಟ ಹಾಕಿದ್ದು. ಕೈಯಲ್ಲಿ ಆಟದ ದುಡ್ಡು 500, ಜೊತೆಗೆ 15 ಪಾರ್ಸ್ನಿಪ್ (ಬಿಳಿ ಕ್ಯಾರೆಟ್‌ನಂಥ ಗಡ್ಡೆ) ಬೀಜ. ಮುಂದಿನದ್ದು ವಿಡಿಯೋದಲ್ಲೇ ಕಾಣುತ್ತೆ, ಹೇಳೋದೇನೂ ಇಲ್ಲ.

ಹೇಳಬೇಕಾದ್ದು ವಸಂತದ 13ನೇ ತಾರೀಖಿನದ್ದು. ಅವತ್ತು ಮೊಟ್ಟೆ ಹಬ್ಬ. ಸ್ಟ್ರಾಬೆರಿ ಬೀಜ ಸಿಗೋದು ಆ ಹಬ್ಬದಲ್ಲಿ, ಒಂದಕ್ಕೆ 100. ಸುಮಾರು ಜನ ಕೊಂಡು ತಂದು ಪೆಟ್ಟಿಗೆಯಲ್ಲಿಟ್ಟು, ಮಾರನೇ ದಿನ ನೆಡ್ತಾರೆ. ಕೊಯ್ಲು ಎರಡು ಸಿಕ್ಕರೂ ಅದರಿಂದ ಒಂದು ದಿನ ತಡ. ಸ್ಟ್ರಾಬೆರಿಗೆ ಮೊದಲ ಫಸಲಿಗೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ. 13ರ ರಾತ್ರಿಯೇ ನೆಟ್ಟರೆ 21ಕ್ಕೆ ಒಂದು, 25ಕ್ಕೆ ಇನ್ನೊಂದು ಕೊಯ್ಲು. ಹಬ್ಬ ಮುಗಿಸಿ ಮನೆಗೆ ಬರುವಾಗ ಆಟದ ಗಡಿಯಾರದಲ್ಲಿ ರಾತ್ರಿ 10 ಗಂಟೆ, ಎಚ್ಚರ ಇರೋಕೆ ಆಗೋದು 2 ಗಂಟೆವರೆಗೆ. ಆ ನಾಲ್ಕು ಗಂಟೆಯಲ್ಲಿ ಅಗೆದು, ನೀರು ಹಾಕಿ, ನೆಡೋಕೆ ಕೂತ್ರೆ ಗಡಿಬಿಡಿ. ಅದಕ್ಕೇ ಬೆಳಿಗ್ಗೆ ಹಬ್ಬಕ್ಕೆ ಹೊರಡೋ ಮೊದಲೇ ಖಾಲಿ ನೆಲ ಅಗೆದು ನೀರು ಹಾಕಿಟ್ಟುಬಿಡಿ. ರಾತ್ರಿವರೆಗೂ ಮಣ್ಣು ಒದ್ದೆಯಾಗೇ ಇರುತ್ತೆ. ಬಂದ ಮೇಲೆ ಬೀಜ ಊರೋದಷ್ಟೇ ಕೆಲಸ.

ಈಗ ನೋಡಿ. 20 ಬೀಜ, 2000 ಖರ್ಚು. ಸಾಲಿಗೆ ಹತ್ತರಂತೆ ಎರಡು ಸಾಲು. ಎರಡನೇ ಸಾಲಿನಲ್ಲಿ ಇನ್ನು ಮೂರು ಗುಂಡಿ ಬಾಕಿ. ಗಡಿಯಾರ 11:40. ಇಲ್ಲಿ... ಹೋಯ್ತು. ಸ್ಕ್ರೀನ್ ಕಪ್ಪು. ಕ್ಯಾಮೆರಾ ಬ್ಯಾಟರಿಯಲ್ಲಿ ಓಡ್ತಿತ್ತು, ಹಾಗಾಗಿ ನಿಮಗೆ ಮಳೆ ಶಬ್ದ ಮಾತ್ರ ಕೇಳ್ತಿದೆ.

ಸ್ಟಾರ್ಡ್ಯೂ ಸೇವ್ ಆಗೋದು ಹಾಸಿಗೆಯಲ್ಲಿ ಮಲಗಿಯೋ, 2 ಗಂಟೆಗೆ ಕುಸಿದು ಬಿದ್ದೋ ದಿನ ಮುಗಿದಾಗ ಮಾತ್ರ. ಆಟದ ಒಂದು ದಿನ ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಹಬ್ಬದಲ್ಲಿ ಗಡಿಯಾರ ನಿಂತಿರುತ್ತೆ, ಅಲ್ಲಿ ಮೊಟ್ಟೆ ಹುಡುಕ್ತಾ ಕಳೆದ ಹೊತ್ತು ಬೇರೆ. ಆ 2000 ವಾಪಸ್ ಬರುತ್ತೆ, ಯಾಕಂದ್ರೆ ದಿನ ಮತ್ತೆ ಬೆಳಿಗ್ಗೆ ಆರರಿಂದ ಶುರು. ಬರದೇ ಇರೋದು ಹೊತ್ತು. ಗಣಿಗೆ ಇಳಿದ ದಿನ ಹೀಗಾದ್ರೆ ಇನ್ನೂ ಸಂಕಟ, ಅವತ್ತು ಇಳಿದಷ್ಟು ಮಹಡಿ, ಸಿಕ್ಕಷ್ಟು ಅದಿರು ಎಲ್ಲ ಇಲ್ಲದ ಹಾಗೆ.

ಇದಕ್ಕಿಂತ ಅಪಾಯದ ಹೊತ್ತು ಒಂದಿದೆ. ಮಲಗಿದ ಮೇಲೆ ಸೇವ್ ಆಗ್ತಿರೋ ಆ ಕೆಲವು ಸೆಕೆಂಡು. ಆಗ ಕರೆಂಟ್ ಹೋದ್ರೆ ಫೈಲ್ ಅರ್ಧಂಬರ್ಧ ಬರೆದು ನಿಲ್ಲುತ್ತೆ, ತೋಟವೇ ತೆರೆಯೋದಿಲ್ಲ. ಗಾಬರಿ ಬೇಡ. ಆ್ಯಪ್‌ಡೇಟಾ, ರೋಮಿಂಗ್, ಅದರೊಳಗೆ ಸ್ಟಾರ್ಡ್ಯೂವ್ಯಾಲಿ, ಅದರೊಳಗೆ ಸೇವ್ಸ್. ನಿಮ್ಮ ತೋಟದ ಫೋಲ್ಡರನ್ನ ಮೊದಲು ಪೂರ್ತಿ ಬೇರೆ ಕಡೆ ಕಾಪಿ ಮಾಡಿ. ಒಳಗೆ ಎರಡು ಮುಖ್ಯ ಫೈಲ್, ಅವೇ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಓಲ್ಡ್ ಅಂತಿರೋ ಇನ್ನೆರಡು ಫೈಲ್ ಇರುತ್ತೆ. ಕೆಟ್ಟ ಎರಡನ್ನ ತೆಗೆದು, ಹಳೆಯವುಗಳ ಹೆಸರಿನ ಬಾಲ ಅಳಿಸಿ. ಹಿಂದಿನ ದಿನಕ್ಕೆ ವಾಪಸ್ ಬರ್ತೀರಿ, ತೋಟ ಉಳಿಯುತ್ತೆ.

ಇನ್ನು ಕರೆಂಟಿನ ವಿಷಯ. ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಕಾಮೆಂಟಿನಲ್ಲಿ ಅತಿ ಹೆಚ್ಚು ಜನ ಕೇಳೋದು ಇದನ್ನೇ. ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್, ಅದು ನಮ್ಮ ಜಿಲ್ಲೆಯ ಹೊಳೆ. ಆದ್ರೆ ಮನೆಗೆ ಬರೋ ಲೈನು ಕಾಡು, ತೋಟದ ಮಧ್ಯೆ ಹಾಯ್ದು ಬರಬೇಕು. ಗಾಳಿಗೆ ಒಂದು ಕೊಂಬೆ ತಂತಿಗೆ ತಾಗಿದ್ರೆ ಸಾಕು, ಅಷ್ಟೂ ಲೈನು ಟ್ರಿಪ್.

"ಮನೆಯಲ್ಲಿ ಇನ್ವರ್ಟರ್ ಇದೆ, ಆದ್ರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ, ಎಂತಕ್ಕೆ?" ಕಾರಣ ಇದು. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗೋ ನಡುವೆ ಒಂದು ಸಣ್ಣ ಅಂತರ ಇರುತ್ತೆ. ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದ್ರೆ ಒಳಗಿನ ಪವರ್ ಸಪ್ಲೈ, ಆ ಅಂತರ ತಾಳಿಕೊಳ್ಳೋದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಹಿಂಭಾಗದಲ್ಲೋ ಮುಂದೆಯೋ ಒಂದು ಸ್ವಿಚ್ ಇರುತ್ತೆ, ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ. ಫ್ಯಾನು, ಬಲ್ಬಿಗೆ ಅದು ಗೊತ್ತೂ ಆಗೋದಿಲ್ಲ, ಕಂಪ್ಯೂಟರ್ ಸತ್ತೇ ಹೋಗುತ್ತೆ. ಯುಪಿಎಸ್ ಮೋಡಿಗೆ ಹಾಕಿ, ತೊಂದರೆ ಮುಗೀತು.

ಮುಗೀತು ಅಂದೆ, ಮುಗಿಯೋದಿಲ್ಲ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದ್ರೆ ಇನ್ವರ್ಟರ್ ಕರೆಂಟೇ ಇಲ್ಲ ಅಂದ್ಕೊಂಡು ಬ್ಯಾಟರಿಗೆ ಹೋಗುತ್ತೆ. ನಮ್ಮ ಕಡೆ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು 160, 170 ಇರೋದು ಹೊಸದಲ್ಲ. ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗ್ತಾ ಹೋಗುತ್ತೆ, ನಿಜವಾಗಿ ಹೋದಾಗ ಬ್ಯಾಟರಿಯಲ್ಲಿ ಎಂತದೂ ಇರಲ್ಲ. ಹಾಗಾಗಿ ಕೊನೆಗೆ ಸರಿ ಅನ್ನಿಸಿದ್ದು ಈ ಜೋಡಣೆ: ಇನ್ವರ್ಟರ್ ನಾರ್ಮಲ್ ಮೋಡಿನಲ್ಲೇ ಇರಲಿ, ಕಂಪ್ಯೂಟರಿಗೆ ಮಾತ್ರ ಪ್ರತ್ಯೇಕ ಸಣ್ಣ ಯುಪಿಎಸ್. ಇನ್ವರ್ಟರ್ ಎದ್ದು ಬರೋ ಆ ಕಣ್ಣು ಮಿಟುಕಿಸೋ ಹೊತ್ತನ್ನ ದಾಟಿಸೋದಷ್ಟೇ ಅದರ ಕೆಲಸ. ಲೆಕ್ಕ ನೋಡ್ಕೊಳ್ಳಿ: 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್. ಮಧ್ಯಮ ಗ್ರಾಫಿಕ್ಸ್ ಕಾರ್ಡಿನ ಡೆಸ್ಕ್‌ಟಾಪ್, ಮಾನಿಟರ್ ಸೇರಿ, ಆಡುವಾಗ 250ರಿಂದ 300 ವ್ಯಾಟ್ ತಿನ್ನುತ್ತೆ. ದೊಡ್ಡ ಕಾರ್ಡಿದ್ರೆ 1000 ವಿಎ ತಗೊಳ್ಳಿ. ಇನ್ವರ್ಟರ್ ಸೈನ್ ವೇವ್ ಆಗಿರಲೇಬೇಕು, ಸ್ಕ್ವೇರ್ ವೇವ್ ಆದ್ರೆ ಯುಪಿಎಸ್ ಒಪ್ಪೋದೇ ಇಲ್ಲ, ಟಿಕ್ ಟಿಕ್ ಅಂತ ಒದ್ದಾಡುತ್ತೆ. 150 ಎಎಚ್ ಬ್ಯಾಟರಿ ಒಂದೇ ಇದ್ದು, ಮನೆಯ ಲೈಟೂ ಅದರ ಮೇಲೇ ಇದ್ರೆ ಮೂರು ಗಂಟೆ ಆಟ ಸಿಕ್ಕರೆ ಪುಣ್ಯ. ಗುಡುಗು ಶುರುವಾದ್ರೆ ಈ ಯಾವ ಲೆಕ್ಕವೂ ಇಲ್ಲ, ಪ್ಲಗ್ಗೂ ತೆಗೀರಿ, ರೂಟರಿನಿಂದ ಬರೋ ಲ್ಯಾನ್ ಕೇಬಲ್ಲೂ ತೆಗೀರಿ. ಸಿಡಿಲಿಗೆ ಮದರ್‌ಬೋರ್ಡ್ ಹೋಗೋದು ಎಷ್ಟೋ ಸಲ ಆ ಕೇಬಲ್ಲಿನ ದಾರಿಯಲ್ಲೇ.

ಲ್ಯಾಪ್‌ಟಾಪಿನವರಿಗೆ ಇದ್ಯಾವುದೂ ಬೇಡ. ಮುಂದಕ್ಕೆ ಹೋಗೋಣ.

ಬಲಾಟ್ರೋ. ಫೆಬ್ರವರಿ 2024. ಇಸ್ಪೀಟೆಲೆ ಆಟ, ಆದ್ರೆ ಎದುರಾಳಿ ಇಲ್ಲ, ಜೂಜೂ ಇಲ್ಲ. ಎಡಗಡೆ ಚಿಪ್ಸ್, ಬಲಗಡೆ ಮಲ್ಟ್, ಎರಡನ್ನೂ ಗುಣಿಸಿದ್ರೆ ಅಂಕ. ಸ್ಕ್ರೀನ್ ಹತ್ತಿರ ತರ್ತೀನಿ, ನೋಡಿ. ಎರಡು ಎಕ್ಕ ಹಾಕಿದ್ರೆ ಜೋಡಿ: ಮೂಲ 10 ಚಿಪ್ಸ್, ಎಕ್ಕಕ್ಕೆ 11, ಇನ್ನೊಂದು 11, ಒಟ್ಟು 32. ಮಲ್ಟ್ 2. ಬರೀ 64 ಅಂಕ. ಈಗ ಮೇಲೆ ಎರಡು ಜೋಕರ್ ಇವೆ. ಒಂದು ಮಲ್ಟಿಗೆ 4 ಕೂಡಿಸುತ್ತೆ. ಇನ್ನೊಂದು ಡ್ಯುಯೋ, ಜೋಡಿ ಇದ್ರೆ ಮಲ್ಟನ್ನ 2ರಿಂದ ಗುಣಿಸುತ್ತೆ. ಜೋಕರುಗಳ ಲೆಕ್ಕ ಎಡದಿಂದ ಬಲಕ್ಕೆ. ಡ್ಯುಯೋ ಎಡಗಡೆ ಇದ್ರೆ 2 ಗುಣಿಸು 2, ನಾಲ್ಕು, ಕೂಡಿಸು 4, ಎಂಟು. 32 ಗುಣಿಸು 8, 256. ಹೋಲಿಕೆಗೆ, ಆಟದ ಮೊದಲ ಹಂತ, ಅಂದ್ರೆ ಮೊದಲ ಬ್ಲೈಂಡ್ ದಾಟೋಕೆ ಬೇಕಾಗೋದು 300. ಆಗಲಿಲ್ಲ. ಈಗ ಡ್ಯುಯೋವನ್ನ ಎಳೆದು ಬಲಗಡೆಗೆ ಹಾಕ್ತೀನಿ. 2 ಕೂಡಿಸು 4, ಆರು, ಗುಣಿಸು 2, ಹನ್ನೆರಡು. 384. ಅದೇ ಎಲೆ, ಅದೇ ಜೋಕರ್, ಒಂದೇ ಕೈಯಲ್ಲಿ 300 ದಾಟಿತು. ಎಷ್ಟೋ ವಿಡಿಯೋಗಳಲ್ಲಿ ಜನ ಕೊಂಡ ಸಾಲಿನಲ್ಲೇ ಬಿಟ್ಟು ಸೋಲೋದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕೂಡಿಸೋದು ಎಡಕ್ಕೆ, ಗುಣಿಸೋದು ಬಲಕ್ಕೆ.

ಹಣ 25ಕ್ಕಿಂತ ಕೆಳಗೆ ಇಳಿಸಬೇಡಿ. ಪ್ರತಿ 5ಕ್ಕೆ 1 ಬಡ್ಡಿ, ಹೆಚ್ಚೆಂದ್ರೆ 5. ಹಾಂ, ಮೊದಲೆರಡು ಸುತ್ತಿನಲ್ಲಿ (ಆಟದಲ್ಲಿ ಇದಕ್ಕೆ ಆ್ಯಂಟಿ ಅಂತ ಹೆಸರು) ಈ ನಿಯಮ ಬಿಡಿ, ಆಗ ಒಳ್ಳೆ ಜೋಕರ್ ಕಂಡ್ರೆ ಖರ್ಚು ಮಾಡೋದೇ ಸರಿ. ಕರೆಂಟ್ ಹೋದ್ರೆ? ಆಡ್ತಿದ್ದ ಆಟ ಇದ್ದಲ್ಲಿಂದಲೇ ಮುಂದುವರಿಯುತ್ತೆ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆ ಆಟ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ (ಚಿತ್ರದ ವೇಗವನ್ನ ಮಾನಿಟರಿಗೆ ಹೊಂದಿಸೋದು) ಆನ್ ಮಾಡಿಡಿ, ಇಸ್ಪೀಟಿಗೋಸ್ಕರ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಬಿಸಿಯಾಗೋದು ಬೇಡ.

ಮುಂದಿನದು ಸಿಲ್ಕ್‌ಸಾಂಗ್, ಹುಳುಗಳ ಲೋಕದಲ್ಲಿ ಹೋರಾಡ್ತಾ ಹೋಗೋ ಆಟ. 2019ರಲ್ಲಿ ಘೋಷಣೆ, ಆಟ ಕೈಗೆ ಬಂದದ್ದು 2025ರ ಸೆಪ್ಟೆಂಬರ್ 4ಕ್ಕೆ. ಕಷ್ಟ ಇದೆ, ಬಹಳ ಕಷ್ಟ. ಶುರುವಿನಲ್ಲಿ ಜೀವ ಐದು ಮಾಸ್ಕ್, ಎಷ್ಟೋ ಏಟುಗಳಿಗೆ ಎರಡೆರಡು ಹೋಗುತ್ತೆ. ಅಂದ್ರೆ ಮೂರು ಏಟಿಗೆ ಆಟ ಮುಗೀತು. ವಾಸಿ ಮಾಡ್ಕೊಳ್ಳೋಕೆ 9 ರೇಷ್ಮೆ (ವೈರಿಗೆ ಹೊಡೆದಾಗ ಸಿಗೋ ಶಕ್ತಿ) ಬೇಕು, ಬರೋದು ಒಟ್ಟಿಗೆ ಮೂರು ಮಾಸ್ಕ್. ಹಾಗಾಗಿ ಒಂದು ಮಾಸ್ಕ್ ಹೋದ ಕೂಡಲೇ ಒತ್ತಬೇಡಿ, ಎರಡು ದಂಡ. ನೆಲದ ಮೇಲೆ ನಿಂತು ಒತ್ತೋ ಬದಲು ಹಾರಿ ಗಾಳಿಯಲ್ಲಿದ್ದಾಗ ಒತ್ತಿ, ಕೆಳಗಿನ ಏಟು ತಪ್ಪುತ್ತೆ.

ಇದರಲ್ಲಿ ಕಿರಿಕಿರಿ ಅಂದ್ರೆ ಜಪಮಣಿ, ಇಲ್ಲಿನ ದುಡ್ಡು. ಸತ್ರೆ ಕೈಯಲ್ಲಿದ್ದ ಮಣಿ ಎಲ್ಲ ಸತ್ತ ಜಾಗದಲ್ಲಿ ಉಳಿಯುತ್ತೆ. ತರೋಕೆ ಹೋಗಿ ಮತ್ತೆ ಸತ್ರೆ ಶಾಶ್ವತವಾಗಿ ಹೋಯ್ತು. ಉಳಿಸೋಕೆ ದಾರಿ ಇದೆ, ಸರ ಕಟ್ಟೋ ಯಂತ್ರಕ್ಕೆ 80 ಮಣಿ ಕೊಟ್ರೆ 60ರ ಸರ ಕಟ್ಟಿ ಕೊಡುತ್ತೆ, ಸರ ಸತ್ರೂ ಕಳೆಯೋದಿಲ್ಲ. ಕಾಲು ಭಾಗ ಕೂಲಿ! ಅನ್ಯಾಯ ಅನ್ನಿಸುತ್ತೆ. ಆದ್ರೆ ಗೊತ್ತಿಲ್ಲದ ಜಾಗಕ್ಕೆ ಇಳಿಯೋ ಮೊದಲು ಕಟ್ಟಿಸಿ, ಕಟ್ಟಿಸದೇ 400 ಕಳ್ಕೊಳ್ಳೋದಕ್ಕಿಂತ 100 ಕೂಲಿ ವಾಸಿ. ಬೆಂಚಿನ ಮೇಲೆ ಕೂತ್ರೆ ಅಲ್ಲಿಂದಲೇ ಮತ್ತೆ ಶುರು, ಕೆಲವು ಬೆಂಚಿಗೆ ಕೂರೋಕೂ ಮಣಿ ಕೊಡಬೇಕು. ಮಳೆ ಜೋರಿದ್ದ ದಿನ ಇದನ್ನ ಆಡಬೇಡಿ ಅಂತ ಹೇಳೋಣ ಅಂದ್ಕೊಂಡಿದ್ದೆ. ಬೇಡ, ಆಡಿ. ಬೆಂಚಿನಿಂದ ಬೆಂಚಿಗೆ ಹೋಗೋದೇ ಗುರಿ ಅಂದ್ಕೊಂಡ್ರೆ ಸಾಕು.

ವೆನ್‌ಬಾ ಬೇಗ ಹೇಳಿಬಿಡ್ತೀನಿ. 2023ರದ್ದು, ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. ಅಡುಗೆ ಪುಸ್ತಕದ ಹಾಳೆ ಹರಿದಿದೆ, ಇಡ್ಲಿ ತಟ್ಟೆ ಹೇಗೆ ಜೋಡಿಸೋದು ಅಂತ ನಾವೇ ಊಹಿಸಬೇಕು. ನಮ್ಮವರಿಗೆ ಇದು ಒಗಟೇ ಅಲ್ಲ: ಗುಳಿಯ ಮೇಲೆ ಗುಳಿ ಬರಬಾರದು, ಒಂದು ತಟ್ಟೆ ಬಿಟ್ಟು ಒಂದು ತಿರುಗಿಸಬೇಕು. ಇಲ್ಲದಿದ್ರೆ ಇಡ್ಲಿ ಉಬ್ಬೋಕೆ ಜಾಗ ಇಲ್ಲ, ಹಬೆಯೂ ಸರಿಯಾಗಿ ಆಡೋದಿಲ್ಲ. ಬೆಲೆಗೆ ಹೋಲಿಸಿದ್ರೆ ಚಿಕ್ಕದು, ಆಫರ್ ಬಂದಾಗ ತಗೊಳ್ಳಿ.

ಕೊನೆಯದು ಡ್ರೆಡ್ಜ್, ನ್ಯೂಜಿಲೆಂಡಿನವರು 2023ರಲ್ಲಿ ಮಾಡಿದ್ದು. ದೋಣಿ, ಮೀನು, ಕತ್ತಲು. ಮೊದಲ ಗಂಟೆ ಬೇಜಾರು ಬಂತು. ಈಗ ಇದೇ ಅತ್ಯುತ್ತಮ ಅನ್ನಿಸ್ತಿದೆ. ದೋಣಿಯೊಳಗೆ ಚೌಕಟ್ಟಿದೆ, ಪ್ರತಿ ಮೀನಿಗೂ ಒಂದೊಂದು ಆಕಾರ, ತಿರುಗಿಸಿ ಹೊಂದಿಸಬೇಕು. ಬಂಡೆಗೆ ತಾಗಿದ್ರೆ ಒಂದು ಚೌಕ ಒಡೆಯುತ್ತೆ, ಅಲ್ಲಿದ್ದ ಮೀನು ನೀರಿಗೆ. ಹೊತ್ತು ಓಡೋದು ದೋಣಿ ನಡೆದಾಗ, ಮೀನು ಹಿಡಿಯುವಾಗ ಮಾತ್ರ. ಸುಮ್ಮನೆ ನಿಂತ್ರೆ ಗಡಿಯಾರವೂ ನಿಲ್ಲುತ್ತೆ. ಹಿಡಿಯುವಾಗ ಬಟನ್ ಒತ್ತದಿದ್ರೂ ಮೀನು ಬರುತ್ತೆ, ತಪ್ಪಾಗಿ ಒತ್ತಿದ್ರೆ ತಡ. ತಡ ಅಂದ್ರೆ ಕತ್ತಲು ಹತ್ತಿರ. ಏಡಿ ಬುಟ್ಟಿ ಇಳಿಸಿಟ್ಟು ದಿನ ಬಿಟ್ಟು ತೆಗೆಯೋದೂ ಇದೆ, ನಮ್ಮಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುವಾಗ ಕೂಣಿ, ಅಂದ್ರೆ ಮೀನು ಹಿಡಿಯೋ ಬಿದಿರಿನ ಬುಟ್ಟಿ, ಇಡ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಕೂಣಿಯ ಬಾಯಿ ಹೊಳೆ ಕಡೆಗಿರಬೇಕಾ ಗದ್ದೆ ಕಡೆಗಾ ಅನ್ನೋದೇ ದೊಡ್ಡ ವಿದ್ಯೆ, ಅದಕ್ಕೆ ಬೇರೆ ವಿಡಿಯೋನೇ ಬೇಕು...

ಶಾಟ್ ಮುಗೀತಾ ಬಂತು. ಸೇವ್ ಆಗೋದು ದೋಣಿ ಕಟ್ಟೆಗೆ ಕಟ್ಟಿದಾಗ. ದೋಣಿಯಲ್ಲಿ ಎರಡು ದೊಡ್ಡ ಮೀನು, ದೀಪದ ಕಂಬ ಕಾಣ್ತಿದೆ, ಇನ್ನೊಂದು ತಿರುವು. ಟ್ಯೂಬ್‌ಲೈಟ್ ಒಮ್ಮೆ ಮಿಣುಕ್ ಅಂತು, ಕೇಳಿದ್ರಲ್ಲ, ಮೇಜಿನ ಕೆಳಗೆ ಯುಪಿಎಸ್ ಬೀಪ್. ಸ್ಕ್ರೀನ್ ಹೋಗಲಿಲ್ಲ. ನಿಧಾನ... ಎಡಕ್ಕೆ... ಕಟ್ಟಿತು.