ಮರಿಯ ಕಣ್ಣಿನ ಸುತ್ತ ಹಕ್ಕಳೆ

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳು, ಹೊರಗೆ ಧೋ ಎಂದು ಮಳೆ. ಉಡುಪಿ ಹತ್ತಿರದ ಕಲ್ಯಾಣಪುರದಿಂದ ಒಬ್ಬರು ಗ್ರೇಟ್ ಡೇನ್ ಎಂಬ ದೊಡ್ಡ ತಳಿಯ ನಾಲ್ಕು ತಿಂಗಳ ನಾಯಿಮರಿಯನ್ನು ನನ್ನ ಹತ್ತಿರ ತಂದಿದ್ದರು. ಎರಡೂ ಕಣ್ಣಿನ ಸುತ್ತ ಕೂದಲು ಉದುರಿ ಕೆಂಪಾಗಿತ್ತು. ಅದರ ಮೇಲೆ ಬೂದು ಬಣ್ಣದ ದಪ್ಪ ಹಕ್ಕಳೆ. ಬಾಯಿಯ ಅಂಚಿನಲ್ಲೂ ಅದೇ. ಕಾಲೆತ್ತಿ ನೋಡಿದರೆ ಅಂಗಾಲು ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. "ಕಜ್ಜಿ ಡಾಕ್ಟ್ರೇ, ಬೇವಿನೆಣ್ಣೆ ಹಚ್ಚಿ ಹಚ್ಚಿ ಸಾಕಾಯ್ತು" ಎಂದರು.

ನಮ್ಮ ಮಳೆಗಾಲದಲ್ಲಿ ಹಾಗೆ ಅನಿಸುವುದು ಸಹಜ. ನಾಯಿಯ ಮೈ ಒಣಗುವುದೇ ಇಲ್ಲ. ಫಂಗಸ್, ಕಜ್ಜಿ ಹುಳ, ಉಣ್ಣಿ ಎಲ್ಲದರ ಕಾಟ. ಅದಕ್ಕೇ ಮೊದಲು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹುಳ ಇರಲಿಲ್ಲ. ಫಂಗಸ್ಸೂ ಸಿಗಲಿಲ್ಲ. ಆಮೇಲೆ ಕೇಳಿದೆ, ಮರಿಗೆ ಊಟ ಏನು ಹಾಕುತ್ತೀರಿ?

ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ. ಅದಕ್ಕೆ ಒಂದು ಹಿಡಿ ತೌಡು, ಬೂತಾಯಿ ಮೀನು ಬೇಯಿಸಿದ ನೀರು. ಮೂಳೆ ಗಟ್ಟಿಯಾಗಲಿ ಅಂತ ದಿನಾ ಎರಡು ಚಮಚ ಕ್ಯಾಲ್ಸಿಯಂ ಪುಡಿ. ಎಲ್ಲವನ್ನೂ ಪ್ರೀತಿಯಿಂದಲೇ ಹಾಕಿದ್ದು.

ತೊಂದರೆ ಆ ತಟ್ಟೆಯಲ್ಲೇ ಇತ್ತು. ಚರ್ಮದ ಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರಬೇಕು. ಅದಕ್ಕೆ ಜಿಂಕ್, ಅಂದರೆ ಸತು, ಬೇಕೇ ಬೇಕು. ಗಂಜಿಯಲ್ಲಿ ಅದು ಮೊದಲೇ ಕಡಿಮೆ. ತೌಡಿನಲ್ಲಿರುವ ಫೈಟೇಟ್ ಎಂಬ ವಸ್ತು ಇದ್ದಷ್ಟು ಸತುವನ್ನೂ ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಆ ಹಿಡಿತ ಇನ್ನೂ ಬಿಗಿ. ಬೇಗ ಬೆಳೆಯುವ ದೊಡ್ಡ ತಳಿಯ ಮರಿಗಳಿಗೆ ಸತು ಜಾಸ್ತಿ ಬೇಕು, ಹಾಗಾಗಿ ಪೆಟ್ಟು ಅವಕ್ಕೇ ಜೋರು.

ಕ್ಯಾಲ್ಸಿಯಂ ಪುಡಿ, ತೌಡು ಎರಡನ್ನೂ ನಿಲ್ಲಿಸಿದೆವು. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಸಮತೋಲನದ ಆಹಾರ ಶುರು ಮಾಡಿದೆವು. ಜೊತೆಗೆ ಸತುವಿನ ಮಾತ್ರೆ, ಊಟದ ಜೊತೆಗೇ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ. ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 2ರಿಂದ 3 ಮಿಲಿಗ್ರಾಂ. ಇದು ಮಾತ್ರೆಯ ತೂಕವಲ್ಲ, ಅದರೊಳಗಿನ ಸತುವಿನ ಲೆಕ್ಕ. ದಯವಿಟ್ಟು ನೀವೇ ಅಂದಾಜಿನಲ್ಲಿ ಕೊಡಬೇಡಿ. ಸತು ವಿಪರೀತವಾದರೆ ರಕ್ತದ ಕೆಂಪು ಕಣಗಳೇ ಒಡೆದು ಜೀವಕ್ಕೆ ಅಪಾಯ. ಮಕ್ಕಳಿಗೆ ಹಚ್ಚುವ ಜಿಂಕ್ ಆಕ್ಸೈಡ್ ಮುಲಾಮನ್ನೂ ಸುಮ್ನೆ ಸವರಬೇಡಿ, ನಾಯಿ ಅದನ್ನು ನೆಕ್ಕದೆ ಬಿಡುವುದಿಲ್ಲ.

ಆರನೇ ವಾರ ಮರಿ ಮತ್ತೆ ಬಂತು. ಹಕ್ಕಳೆ ಕಳಚಿ, ಕಣ್ಣಿನ ಸುತ್ತ ಎಳೆ ಕೂದಲು ಬಂದಿತ್ತು. ಅಂಗಾಲು ಮುಟ್ಟಿದೆ, ಮೆತ್ತಗಿತ್ತು. ಊಟ ಸರಿಯಾಗಿದೆಯಲ್ಲ, ಇನ್ನು ಮಾತ್ರೆ ಬೇಡ ಎಂದೆ.

ಮಂಗಳೂರಲ್ಲಿ ಈಗ ಹಸ್ಕಿ ಸಾಕುವವರೂ ಇದ್ದಾರೆ. ಅವರಿಗೆ ಬೇರೆಯೇ ಮಾತು ಹೇಳಬೇಕು. ಹಸ್ಕಿ, ಮಲಮ್ಯೂಟ್ ತಳಿಯ ಕೆಲವು ನಾಯಿಗಳ ಕರುಳಿಗೆ ಹುಟ್ಟಿನಿಂದಲೇ ಸತುವನ್ನು ಸರಿಯಾಗಿ ಹೀರಲು ಬರುವುದಿಲ್ಲ. ಎಷ್ಟು ಒಳ್ಳೆಯ ಊಟ ಹಾಕಿದರೂ ಅಷ್ಟೇ. ಅಂಥವಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ ಮಾತ್ರೆ ಬೇಕಾಗುತ್ತದೆ. ಚರ್ಮ ಚೆನ್ನಾಗಾಯಿತಲ್ಲ ಎಂದು ನೀವಾಗಿ ನಿಲ್ಲಿಸಿದರೆ ಹಕ್ಕಳೆ ಮತ್ತೆ ಕಣ್ಣಿನ ಅಂಚಿಂದಲೇ ಶುರುವಾದೀತು.

ನಮಸ್ಕಾರ.