ಗುಡ್ಡ ಕಾಯುವ ಹೂವು

ಎಲ್ಲರಿಗೂ ನಮಸ್ಕಾರ.

ನೋಡಿ ಬಂದ ಊರುಗಳ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಇವತ್ತು ಒಂದೇ ಒಂದು ಗುಡ್ಡದ ವಿಷಯ ಹೇಳುತ್ತೇನೆ. ಅದು ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್ ನಗರದ ನಡುವೆ ಇದೆ. ಹೆಸರು ಉಂಗ್‌ಬೊಂಗ್‌ಸಾನ್. ನೂರು ಮೀಟರ್ ಎತ್ತರವೂ ಇಲ್ಲ. ಆದರೂ ಕೊರಿಯನ್ನರು ಅದನ್ನು ಸಾನ್, ಅಂದರೆ ಬೆಟ್ಟ, ಎಂದೇ ಕರೆಯುತ್ತಾರೆ. ಅದೇ ನಗರದ ಉತ್ತರ ಅಂಚಿನಲ್ಲಿ 836 ಮೀಟರ್ ಎದ್ದು ನಿಂತಿರುವ ಬುಖಾನ್‌ಸಾನ್ ಕೂಡ ಸಾನ್, ಇದೂ ಸಾನ್. ನಮ್ಮಲ್ಲಾದರೆ ಬೆಟ್ಟ, ಗುಡ್ಡ, ದಿಣ್ಣೆ, ಬೋರೆ, ತಿಟ್ಟು ಎಂದು ಎತ್ತರಕ್ಕೆ ತಕ್ಕ ಹೆಸರುಗಳಿವೆ. ನಾನು ಗುಡ್ಡ ಎಂದೇ ಹೇಳುತ್ತೇನೆ, ಆ ಮಾತಿನಲ್ಲಿ ಸಲುಗೆ ಹೆಚ್ಚು.

ಉದ್ಯೋಗದ ನಿಮಿತ್ತ ಆ ನಗರದಲ್ಲಿ ಇದ್ದ ಮೊದಲ ಚಳಿಗಾಲ ನನಗೆ ಬಹಳ ಕಷ್ಟವಾಯಿತು. ನವೆಂಬರಿನಲ್ಲಿ ಎಲೆ ಉದುರಿಸಿದ ಮರಗಳು ಮಾರ್ಚ್ ಮುಗಿಯುತ್ತಾ ಬಂದರೂ ಚಿಗುರಿರಲಿಲ್ಲ. ಒಂದು ಸಂಜೆ ಗ್ಯೊಂಗುಯಿ–ಜುಂಗಾಂಗ್ ಮಾರ್ಗದ ರೈಲಿನಲ್ಲಿ ಮನೆಗೆ ಮರಳುತ್ತಿದ್ದೆ. ನದಿಯ ಪಕ್ಕದಲ್ಲಿ ರೈಲು ತಿರುವು ತೆಗೆದುಕೊಳ್ಳುತ್ತಿದ್ದಾಗ ಕಿಟಕಿಯ ತುಂಬ ಹಳದಿ ಬಂತು. ಅಲ್ಲೊಂದು ಇಲ್ಲೊಂದು ಗಿಡವಲ್ಲ, ಇಡೀ ಬಂಡೆಯ ಮೈಗೆ ಅರಿಸಿನ ಬಳಿದ ಹಾಗೆ. ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಅದರ ಹೆಸರು ಉಂಗ್‌ಬೊಂಗ್. ದಾರಿ ಕೇಳಬೇಕಾಗಲಿಲ್ಲ, ಇಳಿದವರೆಲ್ಲ ಅತ್ತಲೇ ನಡೆಯುತ್ತಿದ್ದರು.

ಆ ಹೂವಿನ ಹೆಸರು ಗೇನಾರಿ. ಸಸ್ಯಶಾಸ್ತ್ರದಲ್ಲಿ ಫೋರ್ಸೈಥಿಯ. ನಾರಿ ಎಂದರೆ ಕೊರಿಯನ್ ಭಾಷೆಯಲ್ಲಿ ಲಿಲ್ಲಿ ಹೂವು. ಗೇ ಎಂಬುದಕ್ಕೆ ನಾಯಿ ಎಂಬ ಅರ್ಥವುಂಟು. ಗಿಡದ ಹೆಸರಿನ ಮುಂದೆ ಬಂದಾಗ ಅದು ಕಾಡಿನದು, ಕೀಳು ಜಾತಿಯದು, ಅಸಲಿಯಲ್ಲದ್ದು ಎಂದು ಸೂಚಿಸುತ್ತದೆ. ಇದನ್ನು ಕೇಳಿದಾಗ ನನಗೆ ರೋಮಾಂಚನವಾಯಿತು. ನಾವೂ ಹೀಗೆಯೇ ತಾನೆ ಹೆಸರಿಡುವುದು? ಪೂಜೆಗೆ ಸಲ್ಲುವುದು ತುಳಸಿ, ಬೇಲಿಯಂಚಿನದು ನಾಯಿತುಳಸಿ. ಒಗ್ಗರಣೆಗೆ ಸಾಸಿವೆ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದು ನಾಯಿಸಾಸಿವೆ. ಎಲ್ಲೋ ದೂರದ ಎರಡು ಜನಪದಗಳು ತಮಗೆ ಬೇಡದ ಗಿಡಕ್ಕೆ ಒಂದೇ ಪ್ರಾಣಿಯ ಹೆಸರು ಹಚ್ಚಿವೆ. ಹಾಗೆ ನಾಯಿಯ ಹೆಸರು ಹೊತ್ತ ಆ ಹೂವೇ ಇಂದು ಸಿಯೋಲ್ ನಗರದ ಅಧಿಕೃತ ಹೂವು.

ಇನ್ನೊಂದು ನಂಟನ್ನೂ ಹೇಳಬೇಕು. ಗೇನಾರಿ ನಮ್ಮ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಪಾರಿಜಾತವೂ ಅದೇ ಮನೆತನ, ಆಲಿವ್ ಮರವೂ ಅದೇ. ಆದರೆ ಮಲ್ಲಿಗೆಯ ಪರಿಮಳವನ್ನು ಗೇನಾರಿಯಲ್ಲಿ ಹುಡುಕಬೇಡಿ, ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬುಡದಲ್ಲಿ ಕೂಡಿಕೊಂಡ ನಾಲ್ಕು ಹಳದಿ ಎಸಳು, ಪುಟ್ಟ ಗಂಟೆಯಂಥ ಆಕಾರ. ನಮ್ಮ ಮುತ್ತುಗದ ಹಾಗೆ ಎಲೆ ಬರುವ ಮೊದಲೇ ಹೂ ಬಿಡುತ್ತದೆ, ಆದ್ದರಿಂದ ಕಡ್ಡಿಯ ಉದ್ದಕ್ಕೂ ಹೂವೇ ಹೂವು. ಒಂದೊಂದಾಗಿ ಕಿತ್ತು ಮುಡಿಯುವ ಹೂವಲ್ಲ ಅದು, ರಾಶಿಯಾಗಿ ನೋಡುವ ಹೂವು.

ಈ ಗಿಡದ ನಿಜವಾದ ಗುಣ ಇರುವುದು ಕೊಂಬೆಯಲ್ಲಿ. ಅದು ನೆಟ್ಟಗೆ ಬೆಳೆಯುವುದಿಲ್ಲ, ಉದ್ದವಾಗಿ ಬೆಳೆದು ಬಾಗುತ್ತದೆ. ಬಾಗಿದ ತುದಿ ನೆಲ ಮುಟ್ಟಿದರೆ ಅಲ್ಲಿ ಬೇರು ಬಿಡುತ್ತದೆ. ಅಲ್ಲಿಂದ ಇನ್ನೊಂದು ಬುಡ, ಮತ್ತೆ ಕೊಂಬೆ, ಮತ್ತೆ ಬಾಗು. ಹೀಗೆ ಇಳಿಜಾರಿನ ಮೇಲೆ ಹೊಲಿಗೆ ಹಾಕುತ್ತಾ ಹೋಗುತ್ತದೆ. ಕಡ್ಡಿ ಕತ್ತರಿಸಿ ಚುಚ್ಚಿದರೂ ಸುಲಭವಾಗಿ ಬದುಕುತ್ತದೆ. ಗೇನಾರಿಯಲ್ಲಿ ಎರಡು ಬಗೆಯ ಹೂಗಳಿವೆ, ಒಂದರಲ್ಲಿ ಹೆಣ್ಣುಭಾಗ ಉದ್ದ, ಇನ್ನೊಂದರಲ್ಲಿ ಗಿಡ್ಡ. ಕಾಯಿ ಚೆನ್ನಾಗಿ ಕಟ್ಟಬೇಕಾದರೆ ಎರಡೂ ಬಗೆಯ ಗಿಡಗಳು ಹತ್ತಿರವಿರಬೇಕು. ಮನುಷ್ಯರು ಕಡ್ಡಿ ನೆಟ್ಟು ನೆಟ್ಟು ಒಂದೇ ಬಗೆಯನ್ನು ಹಬ್ಬಿಸಿದ ಕಡೆಗಳಲ್ಲಿ ಇದರ ಬೀಜ ಸಿಗುವುದು ಅಪರೂಪ. ಬೀಜದ ಹಂಗಿಲ್ಲದೆ, ನೆಲವನ್ನು ಬಿಗಿಹಿಡಿದೇ ಬಾಳುವ ಗಿಡ ಅದು.

ಉಂಗ್‌ಬೊಂಗ್‌ಸಾನ್‌ಗೆ ಅದು ಬಂದದ್ದೂ ಇದೇ ಕಾರಣಕ್ಕೆ, ಚೆಲುವಿಗಾಗಿ ಅಲ್ಲ. ಇದು ಬಂಡೆಯ ಗುಡ್ಡ, ಮೇಲಿನ ಮಣ್ಣು ಸಡಿಲ. 1980ರ ದಶಕದಲ್ಲಿ ಸಿಯೋಲ್ ಭರದಿಂದ ಬೆಳೆಯುತ್ತಿದ್ದಾಗ ಸುತ್ತಲೂ ರಸ್ತೆ, ಮನೆ, ಕಟ್ಟಡಗಳು ಎದ್ದವು, ಗುಡ್ಡದ ಮಣ್ಣು ಜಾರತೊಡಗಿತು. ಅದನ್ನು ತಡೆಯಲು ಗೇನಾರಿಯನ್ನು ನೆಟ್ಟರು. ಮಣ್ಣು ನಿಂತಿತು. ಹೂವು ಆ ಕೆಲಸದ ಜೊತೆಗೆ ಬಂದದ್ದು. ಇಂದು ಜನ ವಸಂತದಲ್ಲಿ ಬಂದು ನೋಡಿ ಹಿಗ್ಗುವ ಆ ಹಳದಿ ಬೆಟ್ಟದ ಅಡಿಯಲ್ಲಿ ಇರುವುದು ಒಂದು ತಡೆಗೋಡೆ, ಜೀವ ಇರುವ ತಡೆಗೋಡೆ. ಇದು ತಿಳಿದ ಮೇಲೆ ನನಗೆ ಆ ಹೂವಿನ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ನಿಲ್ದಾಣದಿಂದ ಓಣಿಯ ಏರು ಹಿಡಿದು, ಮರದ ಮೆಟ್ಟಿಲು ಹತ್ತಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ನೆತ್ತಿ. ಅಲ್ಲಿ ಎಂಟು ಮೂಲೆಯ ಒಂದು ಮಂಟಪವಿದೆ. ಕೊರಿಯಾದಲ್ಲಿ ಬೆಟ್ಟ ಹತ್ತುವವರು ಸಾಮಾನ್ಯವಾಗಿ ಬೂಟು, ಕೋಲು, ಬೆನ್ನಿಗೆ ಚೀಲ ಎಂದು ಸಜ್ಜಾಗಿ ಹೊರಡುತ್ತಾರೆ. ಇಲ್ಲಿ ಹಾಗಿಲ್ಲ. ಕಚೇರಿಯ ಬಟ್ಟೆಯಲ್ಲಿದ್ದವರು, ಮಗುವನ್ನು ಎತ್ತಿಕೊಂಡವರು, ಸೊಪ್ಪಿನ ಚೀಲ ಹಿಡಿದೇ ಬಂದ ಅಜ್ಜಿಯರು. ನನ್ನ ಮುಂದೆ ಹತ್ತುತ್ತಿದ್ದ ಒಬ್ಬ ವೃದ್ಧೆ ಪ್ರತಿ ಹತ್ತು ಮೆಟ್ಟಿಲಿಗೆ ನಿಂತು, ಪಕ್ಕದ ಕೊಂಬೆಯನ್ನು ಅಂಗೈಯಿಂದ ಸವರಿ, ಮತ್ತೆ ಹತ್ತುತ್ತಿದ್ದರು. ಅವರಿಗೆ ಬುಖಾನ್‌ಸಾನ್ ಇನ್ನು ದಕ್ಕುವುದಿಲ್ಲ, ಈ ಗುಡ್ಡ ದಕ್ಕುತ್ತದೆ. ತಗ್ಗು ಗುಡ್ಡದ ಬೆಲೆ ನನಗೆ ಮನವರಿಕೆಯಾದದ್ದು ಆ ಮೆಟ್ಟಿಲುಗಳ ಮೇಲೆ.

ಮೇಲಿನಿಂದ ಏನು ಕಾಣುತ್ತದೆ? ಕಾಲ ಕೆಳಗೆ ಎರಡು ನೀರು ಕೂಡುತ್ತವೆ. ಉತ್ತರದಿಂದ ಬರುವ ಜುಂಗ್ನಾಂಗ್ ತೊರೆ ಹಾನ್ ನದಿಯನ್ನು ಸೇರುವ ಸಂಗಮ ಇದು. ಹಾನ್ ನದಿ ನಗರದ ನಡುವೆ ಸುಮಾರು ಒಂದು ಕಿಲೋಮೀಟರ್ ಅಗಲವಾಗಿ ಹರಿಯುತ್ತದೆ. ಆಚೆ ದಡದಲ್ಲಿ ಗಂಗ್ನಮ್‌ನ ಅಪಾರ್ಟ್‌ಮೆಂಟ್‌ಗಳ ಸಾಲು. ಆಗ್ನೇಯಕ್ಕೆ 123 ಮಹಡಿಗಳ, 555 ಮೀಟರ್ ಎತ್ತರದ ಲೊಟ್ಟೆ ವರ್ಲ್ಡ್ ಟವರ್ ಒಂಟಿಯಾಗಿ ನಿಂತಿದೆ. ತೊರೆಯ ಆಚೆಗೆ ಸಿಯೋಲ್ ಫಾರೆಸ್ಟ್ ಎಂಬ ದೊಡ್ಡ ಉದ್ಯಾನ, 2005ರಲ್ಲಿ ತೆರೆದದ್ದು. ಅದರ ಬದಿಯಲ್ಲೇ ದಶಕಗಳ ಕಾಲ ಒಂದು ಕಾಂಕ್ರೀಟ್ ಕಾರ್ಖಾನೆ ಇತ್ತು. ನಗರವನ್ನು ಕಟ್ಟಿದ ಕಾಂಕ್ರೀಟು ಲಾರಿಗಟ್ಟಲೆ ಅಲ್ಲಿಂದ ಹೊರಟಿತು. ಧೂಳು ಸದ್ದಿನ ವಿರುದ್ಧ ಸುತ್ತಲಿನವರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2022ರಲ್ಲಿ ಅದನ್ನು ಕೆಡವಿದರು.

ಎದುರಿಗೆ ಕಾಣುವ ಸೇತುವೆಯ ಹೆಸರು ಸೊಂಗ್‌ಸು. ರಾತ್ರಿ ದೀಪ ಹತ್ತಿದಾಗ ಬಹಳ ಚಂದ, ಛಾಯಾಗ್ರಾಹಕರು ಮುಕ್ಕಾಲಿ ಹೂಡಿ ಕಾಯುವುದು ಅದಕ್ಕಾಗಿಯೇ. ಆದರೆ ಮಂಟಪದಲ್ಲಿ ನಿಂತು ಅದನ್ನು ನೋಡುವ ನಡುವಯಸ್ಸಿನ ಸಿಯೋಲ್ ನಿವಾಸಿಗೆ ನೆನಪಾಗುವುದು ಬೇರೆಯೇ. 1994ರ ಅಕ್ಟೋಬರ್ 21ರ ಬೆಳಿಗ್ಗೆ, ಜನ ಕೆಲಸಕ್ಕೆ, ಶಾಲೆಗೆ ಹೊರಟ ಹೊತ್ತಿನಲ್ಲಿ ಆ ಸೇತುವೆಯ ನಡುವಿನ ಒಂದು ತುಂಡು ನದಿಗೆ ಬಿತ್ತು. 32 ಜನ ಸತ್ತರು, ಶಾಲೆಗೆ ಹೊರಟಿದ್ದ ಹುಡುಗಿಯರೂ ಅವರಲ್ಲಿದ್ದರು. ಸೇತುವೆ ಆಗಿನ್ನೂ ಹದಿನೈದು ವರ್ಷದ್ದು, 1979ರಲ್ಲಿ ಸಂಚಾರಕ್ಕೆ ತೆರೆದಿತ್ತು. ಬೆಸುಗೆಯಲ್ಲಿ ದೋಷವಿತ್ತು, ಆಮೇಲೆ ನೋಡಿಕೊಳ್ಳುವವರೂ ನೋಡಿಕೊಳ್ಳಲಿಲ್ಲ. ಹೊಸದಾಗಿ ಕಟ್ಟಿ 1997ರಲ್ಲಿ ಮತ್ತೆ ತೆರೆದರು. ಒಂದೇ ಕಾಲದ, ಒಂದೇ ಅವಸರದ ಎರಡು ಕೆಲಸಗಳು ಆ ಗುಡ್ಡದ ಮೇಲೆ ನಿಂತವರಿಗೆ ಒಟ್ಟಿಗೆ ಕಾಣುತ್ತವೆ. ಉಕ್ಕಿನ ಸೇತುವೆ ಹದಿನೈದು ವರ್ಷದಾಚೆಗೆ ಹಿಡಿದುಕೊಳ್ಳಲಿಲ್ಲ, ಕಡ್ಡಿ ಚುಚ್ಚಿ ಬೆಳೆಸಿದ ಗಿಡ ಗುಡ್ಡವನ್ನು ಇನ್ನೂ ಹಿಡಿದುಕೊಂಡಿದೆ. ನಾನು ಉಕ್ಕನ್ನು ಹಳಿಯುತ್ತಿಲ್ಲ. ನೋಡಿಕೊಳ್ಳುವ ಕೈ ಇದ್ದರೆ ಎರಡೂ ನಿಲ್ಲುತ್ತವೆ.

ಹಳೆಯ ಕಾಲಕ್ಕೆ ಒಂದು ಹೆಜ್ಜೆ ಹೋಗೋಣ. ಉಂಗ್ ಎಂದರೆ ಡೇಗೆ, ಬೇಟೆಯ ಗಿಡುಗ. ಬೊಂಗ್ ಎಂದರೆ ಶಿಖರ. ಜೊಸನ್ ವಂಶದ ಅರಸರು ಇಲ್ಲಿ ಗಿಡುಗ ಹಾರಿಸಿ ಬೇಟೆಯಾಡುತ್ತಿದ್ದರಂತೆ. ತೊರೆಗೆ ಅಡ್ಡಲಾಗಿ 1483ರಲ್ಲಿ ಮುಗಿದ ಸಾಲ್ಗೊಜಿ ಎಂಬ ಕಲ್ಲಿನ ಸೇತುವೆ ಇದೆ, ಜೊಸನ್ ಕಾಲದ ಕಲ್ಲುಸೇತುವೆಗಳಲ್ಲೇ ಉದ್ದವಾದದ್ದು. ಅದರ ಮೇಲೆ ಇಂದಿಗೂ ನಡೆದು ದಾಟಬಹುದು. ಆದರೆ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಗುಡ್ಡದ ಪಕ್ಕದಲ್ಲೇ, ಸಂಗಮದ ಹತ್ತಿರ ದುಮೊಪೊ ಎಂಬ ಹಳೆಯ ಬಂದರಿನಲ್ಲಿ ಇದ್ದ ಒಂದು ಮನೆ. ಕೊರಿಯಾದ ಲಿಪಿಯನ್ನು ರೂಪಿಸಿದ ಅರಸ ಸೇಜೊಂಗ್ 1426ರಲ್ಲಿ ಒಂದು ಪದ್ಧತಿ ತಂದ. ಯುವ ಅಧಿಕಾರಿಗಳಲ್ಲಿ ಪ್ರತಿಭಾವಂತರಿಗೆ ರಜೆ ಕೊಡುವುದು. ಯಾವುದಕ್ಕೆ? ಓದುವುದಕ್ಕೆ. ಕಚೇರಿಗೆ ಬರಬೇಡ, ಪುಸ್ತಕ ಓದು ಎಂದು ಅರಸನೇ ಕಳಿಸುತ್ತಿದ್ದ. 1517ರಲ್ಲಿ ಆ ಓದುಗರಿಗಾಗಿ ದುಮೊಪೊದಲ್ಲಿ ಮನೆಯೊಂದು ಎದ್ದಿತು. ಹೆಸರು ದೊಕ್‌ಸೊದಾಂಗ್, ಓದುವ ಮನೆ. ಶತಮಾನದ ಕೊನೆಯ ಜಪಾನಿ ದಂಡಯಾತ್ರೆಯಲ್ಲಿ ಅದು ಸುಟ್ಟುಹೋಯಿತು. ಇಂದು ಅಲ್ಲಿನ ರಸ್ತೆಗೆ ಅದರ ಹೆಸರಿದೆ. ನದಿ, ಗುಡ್ಡ, ಬಿಡುವು, ಪುಸ್ತಕ. ಓದಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನಂತೂ ಊಹಿಸಲಾರೆ.

ಯಾವಾಗ ಹೋಗಬೇಕು ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಕೊರಿಯಾದ ಹವಾಮಾನ ಇಲಾಖೆ ಹೂವನ್ನೂ ಮಳೆಯಂತೆಯೇ ದಾಖಲಿಸುತ್ತದೆ. ಗುರುತಿಟ್ಟ ಗಿಡದ ಒಂದು ಕೊಂಬೆಯಲ್ಲಿ ಮೂರು ಹೂವಾದರೂ ಪೂರ್ತಿ ಅರಳಿದರೆ, ಆ ಊರಿಗೆ ಗೇನಾರಿ ಬಂತು ಎಂದು ಲೆಕ್ಕ. ದಕ್ಷಿಣದ ಜೆಜು ದ್ವೀಪದಲ್ಲಿ ಶುರುವಾದ ಹೂವು ದಿನದಿನವೂ ಉತ್ತರಕ್ಕೆ ನಡೆಯುತ್ತಾ ಸಿಯೋಲ್ ತಲುಪುತ್ತದೆ. ಜನ ಅದನ್ನು ಮನೆಗೆ ಬರುವ ನೆಂಟರಂತೆ ಎದುರು ನೋಡುತ್ತಾರೆ. ಮೊದಲು ಗೇನಾರಿ, ಆಮೇಲೆ ಗುಲಾಬಿ ಬಣ್ಣದ ಜಿಂದಲ್ಲೆ, ಆಮೇಲೆ ಚೆರ್ರಿ, ಇದು ಹಿರಿಯರು ಬಲ್ಲ ಸರದಿ. ಈಗ ಆ ಸರದಿ ಕಲಸಿಹೋಗುತ್ತಿದೆ. 2021ರಲ್ಲಿ ಸಿಯೋಲ್‌ನ ಚೆರ್ರಿ ಮಾರ್ಚ್ 24ಕ್ಕೇ ಅರಳಿತು. 1922ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಬೇಗ ಅದುವರೆಗೆ ಎಂದೂ ಅರಳಿರಲಿಲ್ಲ. ಬಗೆಬಗೆಯ ಹೂ ಒಟ್ಟಿಗೆ ಬಿಟ್ಟರೆ ನೋಡಲು ಚಂದವೇ. ಆದರೆ ಒಂದು ಹೂವಾದ ಮೇಲೆ ಇನ್ನೊಂದು ಎಂದು ತಿಂಗಳುಗಟ್ಟಲೆ ನಂಬಿ ಕೂತ ಜೇನುಹುಳುವಿಗೆ ಅದು ಚಂದವಲ್ಲ.

ಹೋಗುವವರಿಗೆ ನನ್ನ ಸಲಹೆ ಒಂದೇ. ಗುಡ್ಡವನ್ನು ಎರಡು ಕಡೆಯಿಂದ ನೋಡಿ. ಮೇಲೆ ನಿಂತರೆ ನಗರ ಕಾಣುತ್ತದೆ, ಗುಡ್ಡ ಕಾಣುವುದಿಲ್ಲ. ಇಳಿದು ತೊರೆಯ ಆಚೆ ದಡಕ್ಕೆ, ಸಿಯೋಲ್ ಫಾರೆಸ್ಟಿನ ಕಡೆಗೆ ಬನ್ನಿ. ಅಲ್ಲಿಂದ ಹಳದಿ ಬಂಡೆ, ಅದರ ಬುಡದಲ್ಲಿ ತಿರುಗಿ ಸಾಗುವ ರೈಲು, ನೀರಿನಲ್ಲಿ ಅವೆರಡರ ನೆರಳು. ಕಾಲಿನಲ್ಲಿ ಶಕ್ತಿ ಇದ್ದವರು ನಮ್ಸಾನ್ ಗುಡ್ಡದಿಂದಲೇ ಹೊರಡಬಹುದು. ಅಲ್ಲಿಂದ ಗುಡ್ಡಕ್ಕೆ ಗುಡ್ಡ ಹೆಣೆದ ಸುಮಾರು ಎಂಟು ಕಿಲೋಮೀಟರ್ ಕಾಲುದಾರಿ ಉಂಗ್‌ಬೊಂಗ್‌ಸಾನ್ ದಾಟಿ ಸಿಯೋಲ್ ಫಾರೆಸ್ಟಿಗೆ ಸೇರುತ್ತದೆ. ನಡುವೆ ರಸ್ತೆ ಬಂದ ಕಡೆ ಕಾಲುಸೇತುವೆ ಕಟ್ಟಿ ದಾರಿ ಕಡಿಯದಂತೆ ನೋಡಿಕೊಂಡಿದ್ದಾರೆ.

ಇದನ್ನೆಲ್ಲ ನಾನು ಬೆಂಗಳೂರಿನಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದು ನನಗೆ ಮರೆತಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಬಳಿ ಸಂಜೆ ಕೂತು ಊರು ನೋಡದೆ ಬೆಳೆದವರು ಈ ಸಭೆಯಲ್ಲಿ ಕಡಿಮೆ. ಅದು ಉಳಿದದ್ದು ಉದ್ಯಾನದ ಬೇಲಿಯೊಳಗಿದ್ದ ಕಾರಣಕ್ಕೆ. ಬೇಲಿಯ ಹೊರಗಿದ್ದ ಎಷ್ಟೋ ಗುಡ್ಡಗಳು ನಮ್ಮ ಕಣ್ಣೆದುರೇ ಜಲ್ಲಿಯಾಗಿ, ಎಂ ಸ್ಯಾಂಡ್ ಆಗಿ ಲಾರಿ ಹತ್ತಿವೆ. ನಾನು ಚಿಕ್ಕವನಿದ್ದಾಗ ಗಾಳಿಪಟ ಹಾರಿಸಿದ ಗುಡ್ಡದ ಜಾಗದಲ್ಲಿ ಈಗ ನೀರು ತುಂಬಿದ ಒಂದು ಗುಂಡಿ ಇದೆ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಊರೊಳಗಿನ ಗುಡ್ಡವನ್ನು ಕಲ್ಲು ಎಂದು ಅಳೆಯುವವರ ಮುಂದೆ, ಮೆಟ್ಟಿಲಲ್ಲಿ ಕೊಂಬೆ ಸವರುತ್ತಾ ಹತ್ತಿದ ಆ ವೃದ್ಧೆಯನ್ನು ನಿಲ್ಲಿಸಿ ತೋರಿಸಬೇಕೆನಿಸುತ್ತದೆ.

ಮತ್ತೊಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ಆ ವರ್ಷ ಏಪ್ರಿಲ್ ನಡುವಿನಲ್ಲಿ ಇನ್ನೊಮ್ಮೆ ಹೋಗಿದ್ದೆ. ಹೂ ಉದುರಿತ್ತು, ಎಲೆ ಬಂದಿತ್ತು, ಮಂಟಪದಲ್ಲಿ ಯಾರೂ ಇರಲಿಲ್ಲ. ಇಳಿಜಾರಿನಲ್ಲಿ ಇಬ್ಬರು ಕೆಲಸಗಾರರು ಕತ್ತರಿ ಹಿಡಿದು ಹಳೆಯ ಕೊಂಬೆಗಳನ್ನು ಸವರುತ್ತಿದ್ದರು. ಗೇನಾರಿಯನ್ನು ಹೂವು ಮುಗಿದ ಕೂಡಲೇ ಸವರಬೇಕು. ಬರುವ ವರ್ಷದ ಮೊಗ್ಗು ಈ ಬೇಸಿಗೆಯಲ್ಲೇ ಕೂರುತ್ತದೆ, ತಡಮಾಡಿ ಕತ್ತರಿಸಿದರೆ ಮುಂದಿನ ವಸಂತವನ್ನೇ ಕತ್ತರಿಸಿದಂತೆ. ಅವರಲ್ಲೊಬ್ಬರು ಒಂದು ಉದ್ದನೆಯ ಕೊಂಬೆಯನ್ನು ಕತ್ತರಿಸಲಿಲ್ಲ. ಬಗ್ಗಿಸಿ, ತುದಿಯನ್ನು ಬರಿದಾಗಿದ್ದ ಮಣ್ಣಿಗೆ ಒತ್ತಿ, ಮೇಲೊಂದು ಕಲ್ಲಿಟ್ಟು, ಮುಂದಿನ ಗಿಡಕ್ಕೆ ಹೋದರು.